ತಿಂಗಳಿಗೆ ₹2000, ಒಬ್ಬರ ಅಡುಗೆ, ಒಂದೇ ಒಲೆ: ಹೊಟ್ಟೆಯೂ ತುಂಬಬೇಕು, ಪ್ರೋಟೀನೂ ಸಾಲಬೇಕು

ಒಂದೊಲೆ_ರೂಮು
ಒಬ್ಬರಿಗೆ ತಿಂಗಳ ದಿನಸಿ, ಹಾಲು, ತರಕಾರಿ ಎಲ್ಲ ಸೇರಿ ₹2000 ದಾಟಬಾರದು. ಗ್ಯಾಸ್ ಖರ್ಚು ಬೇರೆ. ಇರುವ ಸಾಮಾನು: ಒಂದು ಬರ್ನರ್ ಒಲೆ, 3 ಲೀಟರ್ ಕುಕ್ಕರ್, ಒಂದು ಬಾಣಲೆ, ಎರಡು ಪಾತ್ರೆ. ಮಿಕ್ಸಿ ಇಲ್ಲ, ಫ್ರಿಜ್ ಇಲ್ಲ. ಮಧ್ಯಾಹ್ನಕ್ಕೆ ಡಬ್ಬಿ ಕಟ್ಟಬೇಕು. ಮೊಟ್ಟೆ ಆಗುತ್ತೆ, ಮಾಂಸ ಬೇಡ. ಜಾಗ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಹತ್ತಿರ. ಈಗ ನಡೆಯುತ್ತಿರುವುದು ಅನ್ನ-ತಿಳಿಸಾರು, ಅನ್ನ-ಮೊಸರು, ತಿಂಗಳ ಕೊನೆಗೆ ಬರೀ ಚಿತ್ರಾನ್ನ. ತಟ್ಟೆ ತುಂಬ ಉಂಡರೂ ನಾಲ್ಕು ಗಂಟೆಗೆ ಮತ್ತೆ ಹಸಿವು. ಏನು ಬದಲಿಸಬೇಕು, ಎಷ್ಟೆಷ್ಟು ಕೊಳ್ಳಬೇಕು ಅಂತ ಗ್ರಾಂ ಲೆಕ್ಕದಲ್ಲೇ ಹೇಳಿ. ‘ಹಿತಮಿತವಾಗಿ ತಿನ್ನಿ’ ಅನ್ನುವ ಉಪದೇಶ ಬೇಡ.

ಕಾಳುಕಟ್ಟು
ನಾಲ್ಕು ಗಂಟೆಯ ಹಸಿವು ಅನ್ನ ಸಾಲದೆ ಬರುತ್ತಿರುವುದಲ್ಲ, ಕಾಳು ಸಾಲದೆ ಬರುತ್ತಿರುವುದು. ತಿಳಿಸಾರಿನಲ್ಲಿ ಒಬ್ಬರ ಪಾಲಿಗೆ ಬೀಳುವ ಬೇಳೆ 10–15 ಗ್ರಾಂ ಇದ್ದರೆ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು ದೇಹದ ತೂಕದ ಪ್ರತಿ ಕಿಲೊಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 65 ಕಿಲೊ ಇರುವವರಿಗೆ 54 ಗ್ರಾಂ ಆಯಿತು. ಅದೇ ಸಂಸ್ಥೆಯ 2000 ಕ್ಯಾಲರಿಯ ಮಾದರಿ ತಟ್ಟೆಯಲ್ಲಿ ಕಾಳು-ಬೇಳೆಯೇ ದಿನಕ್ಕೆ 85 ಗ್ರಾಂ.

ಅದನ್ನೇ ಆಧಾರ ಮಾಡಿಕೊಂಡು ಒಂದು ತಿಂಗಳ ಪಟ್ಟಿ. ದರಗಳು ಲೆಕ್ಕಕ್ಕೆ ಹಿಡಿದವು, ನಿಮ್ಮ ಅಂಗಡಿಯ ದರ ಹಾಕಿಕೊಂಡು ಮತ್ತೆ ಕೂಡಿ.

ಅಕ್ಕಿ 6 ಕಿಲೊ, ₹55ರಂತೆ 330
ರಾಗಿ ಹಿಟ್ಟು 4 ಕಿಲೊ, ₹45ರಂತೆ 180
ಹುರುಳಿಕಾಳು 1 ಕಿಲೊ, 80
ತೊಗರಿಬೇಳೆ 1 ಕಿಲೊ, 130
ಕಡಲೆಕಾಳು ಅರ್ಧ ಕಿಲೊ, 45
ಕಡಲೆಕಾಯಿ ಬೀಜ ಮುಕ್ಕಾಲು ಕಿಲೊ, 105
ಎಣ್ಣೆ 750 ಗ್ರಾಂ, 125
ಹಾಲು ದಿನಕ್ಕೆ 200 ಮಿಲಿ, ಒಟ್ಟು 6 ಲೀಟರ್, 288
ಬೆಲ್ಲ ಅರ್ಧ ಕಿಲೊ, 30
ಸೊಪ್ಪು-ತರಕಾರಿ 9 ಕಿಲೊ, ಸರಾಸರಿ ₹40ರಂತೆ 360
ಉಪ್ಪು, ಹುಣಸೆ, ಸಾರಿನ ಪುಡಿ, ಒಗ್ಗರಣೆ ಸಾಮಾನು 150

ಒಟ್ಟು ₹1823. ದಿನಕ್ಕೆ ಸುಮಾರು 2000 ಕ್ಯಾಲರಿ, 60 ಗ್ರಾಂ ಪ್ರೋಟೀನ್. ಉಳಿದದ್ದರಲ್ಲಿ ವಾರಕ್ಕೆ ಮೂರು ಮೊಟ್ಟೆ: ತಿಂಗಳಿಗೆ 12, ₹7ರಂತೆ 84. ಆಮೇಲೂ ₹90 ಚಿಲ್ಲರೆ ಕೈಯಲ್ಲಿರುತ್ತದೆ. ಮಳೆಗಾಲದಲ್ಲಿ ಟೊಮೆಟೊ ಏರಿದ ವಾರಕ್ಕೆ ಅದು ಬೇಕಾಗುತ್ತೆ.

ಲೆಕ್ಕದಪುಸ್ತಕ
ಪಟ್ಟಿ ಚೆನ್ನಾಗಿದೆ, ಎರಡು ತಕರಾರು. ಒಂದು, ಟೀ ಎಲ್ಲಿ? ಬೀದಿ ಬದಿಯ ಟೀ ದಿನಕ್ಕೆ ಎರಡು, ಒಂದಕ್ಕೆ ₹12 ಅಂದುಕೊಳ್ಳಿ. 26 ದಿನಕ್ಕೆ ₹624. ಕಾಳುಕಟ್ಟು ಅವರ ಪಟ್ಟಿಯ ರಾಗಿ, ಹುರುಳಿ, ತೊಗರಿ, ಕಡಲೆ, ಕಡಲೆಕಾಯಿ ಎಲ್ಲ ಕೂಡಿದರೂ ₹540. ಬಜೆಟ್ ಕೈ ಮೀರುವುದು ದಿನಸಿ ಅಂಗಡಿಯಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೊದಲು ಟೀ ಅಂಗಡಿಯ ಬಾಕಿ ನೋಡಿ.

ಎರಡನೆಯದು, 2000 ಕ್ಯಾಲರಿ ಕೂತು ಮಾಡುವ ಕೆಲಸಕ್ಕೆ ಸರಿ. ಪೀಣ್ಯ ಅಂದಿದ್ದೀರಿ, ಮೆಷಿನ್ ಮುಂದೆ ಎಂಟು ಗಂಟೆ ನಿಲ್ಲುವ ಕೆಲಸವಾದರೆ ಗಂಡಸಿಗೆ 2700ರ ಆಸುಪಾಸು ಬೇಕು.

ಕಾಳುಕಟ್ಟು
ಒಪ್ಪಿದೆ. ಹಾಗಿದ್ದರೆ ಅಕ್ಕಿ 2 ಕಿಲೊ, ರಾಗಿ 2 ಕಿಲೊ, ಕಡಲೆಕಾಯಿ ಬೀಜ ಅರ್ಧ ಕಿಲೊ ಹೆಚ್ಚಿಸಬೇಕು. ದಿನಕ್ಕೆ ಇನ್ನೊಂದು 530 ಕ್ಯಾಲರಿ ಸಿಗುತ್ತೆ, ₹270 ಹೆಚ್ಚಾಗುತ್ತೆ. ಆಗ ಮೊಟ್ಟೆ ಬಿಟ್ಟರೂ ₹2093. ಮಿತಿ ದಾಟಿತು. ಹಾಲು ಅರ್ಧ ಮಾಡಿದರೆ ₹144 ಉಳಿಯುತ್ತೆ, ರಾಗಿಯ ಕ್ಯಾಲ್ಸಿಯಂ ಹೇಗೂ ಇದೆ.

ಪಥ್ಯಾಪಥ್ಯ
ಹಾಲಿಗೆ ಕೈ ಹಾಕಬೇಡಿ ಸರ್. ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಫೈಟೇಟ್, ಟ್ಯಾನಿನ್ ಕೂಡ ಇರುವುದರಿಂದ ಅಷ್ಟೂ ಮೈಗೆ ಹತ್ತುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬಿ12 ಜೀವಸತ್ವ. ಅಕ್ಕಿ, ರಾಗಿ, ಕಾಳು, ಸೊಪ್ಪು ಯಾವುದರಲ್ಲೂ ಅದಿಲ್ಲ. ಮಾಂಸ ಬೇಡ ಅಂದವರಿಗೆ ಹಾಲು, ಮೊಸರು, ಮೊಟ್ಟೆ ಬಿಟ್ಟರೆ ದಾರಿ ಇಲ್ಲ. ಕಡಿತ ಮಾಡಲೇಬೇಕಾದರೆ ತೊಗರಿಬೇಳೆ ಅರ್ಧ ಕಿಲೊ ಕಡಿಮೆ ಮಾಡಿ ಆ ಜಾಗಕ್ಕೆ ಹುರುಳಿ ಹಾಕಿ. ಪ್ರೋಟೀನ್ ಹೆಚ್ಚುಕಡಿಮೆ ಒಂದೇ.

ಕಾಳುಕಟ್ಟು
ಸರಿ, ಹಾಲು ಇರಲಿ.

10 ಗ್ರಾಂ ಪ್ರೋಟೀನ್‌ಗೆ ಎಷ್ಟು ದುಡ್ಡು ಅಂತ ನೋಡುವ ಲೆಕ್ಕವೂ ಇಲ್ಲೇ ಇರಲಿ, ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡೋಕೆ ಸುಲಭ. ಕಿಲೊ ದರವನ್ನು ಶೇಕಡಾ ಪ್ರೋಟೀನ್‌ನಿಂದ ಭಾಗಿಸಿ. ಹುರುಳಿ ₹80, ಶೇ 22: ₹3.60. ಕಡಲೆಕಾಳು ₹90, ಶೇ 19: ₹4.70. ಕಡಲೆಕಾಯಿ ಬೀಜ ₹140, ಶೇ 24: ₹5.80. ತೊಗರಿ ₹130, ಶೇ 22: ₹5.90. ₹7ರ ಮೊಟ್ಟೆಯಲ್ಲಿ 6 ಗ್ರಾಂ, ಅಂದರೆ ₹11.70. ಲೀಟರಿಗೆ ₹48ರ ಹಾಲಿನಲ್ಲಿ ₹15. ಕಿಲೊ ₹400ರ ಪನೀರ್‌ನಲ್ಲಿ ₹22. ಎಲ್ಲಕ್ಕಿಂತ ಅಗ್ಗ ಸೋಯಾ ಚಂಕ್ಸ್: ಕಿಲೊ ₹140 ಇದ್ದರೆ, ಶೇ 52ರ ಮೇಲೆ, ₹2.70.

ಗರಗರ_ಮಂಡ್ಯ
ಸೋಯಾ ಅಷ್ಟು ಅಗ್ಗ ಅಂದರೆ ತಿಂಗಳೆಲ್ಲ ಅದನ್ನೇ ಬೇಯಿಸಿದರಾಯ್ತಲ್ಲ ಗುರು?

ಕಾಳುಕಟ್ಟು
ವಾರಕ್ಕೆ ಎರಡು ದಿನ ಸಾಕು, ಒಂದು ಸಲಕ್ಕೆ ಒಣ ತೂಕ 25–30 ಗ್ರಾಂ. ಜಾಸ್ತಿಯಾದರೆ ಹೊಟ್ಟೆ ಉಬ್ಬರಿಸುತ್ತೆ, ಆಮೇಲೆ ಆ ಪೊಟ್ಟಣ ಮೂಲೆ ಸೇರುತ್ತೆ. ‘ಹಸಿ ವಾಸನೆ’ ಅನ್ನುವವರು ಬಹುತೇಕ ಹಿಂಡುವುದನ್ನು ಬಿಟ್ಟಿರುತ್ತಾರೆ. ಕುದಿಯುವ ನೀರಿಗೆ ಉಪ್ಪು ಹಾಕಿ 10 ನಿಮಿಷ ನೆನೆಸಿ, ನೀರು ಚೆಲ್ಲಿ ಹಿಂಡಿ, ತಣ್ಣೀರಿನಲ್ಲಿ ಅದ್ದಿ ಇನ್ನೊಮ್ಮೆ ಗಟ್ಟಿಯಾಗಿ ಹಿಂಡಿ. ಆಮೇಲೆ ಈರುಳ್ಳಿ ಒಗ್ಗರಣೆಯಲ್ಲಿ ನೀರಿಲ್ಲದೆ ಐದು ನಿಮಿಷ ಹುರಿದು, ನಂತರವೇ ಸಾರಿಗೋ ಪಲಾವಿಗೋ ಹಾಕಿ.

ಮುದ್ದೆಕೋಲು
ಎಲ್ಲ ಲೆಕ್ಕ ಆಯಿತು, ಅಡುಗೆ ಯಾರೂ ಹೇಳಲಿಲ್ಲ. ಒಂದೇ ಬರ್ನರ್ ಇರುವವರಿಗೆ ಬೇಕಾದದ್ದು ಒಂದು ಸಲ ಬೇಯಿಸಿ ಎರಡು ಪದಾರ್ಥ ಮಾಡುವ ಅಡುಗೆ. ಅದು ನಮ್ಮಲ್ಲಿ ಇದ್ದೇ ಇದೆ: ಬಸ್ಸಾರು, ಉಪ್ಸಾರು. ಬಸಿದ ಕಟ್ಟಿನಲ್ಲಿ ಸಾರು, ಉಳಿದ ಕಾಳು-ಸೊಪ್ಪಿನಲ್ಲಿ ಪಲ್ಯ. ರಾತ್ರಿ ಮುದ್ದೆಗೆ ಸಾರು, ಬೆಳಿಗ್ಗೆ ಡಬ್ಬಿಗೆ ಅನ್ನ-ಪಲ್ಯ.

ಒಬ್ಬರಿಗೆ ಎರಡು ಹೊತ್ತಿನ ಅಳತೆ: ಹುರುಳಿಕಾಳು 100 ಗ್ರಾಂ, ದಂಟಿನ ಸೊಪ್ಪು ಒಂದು ಕಂತೆ, ಬಿಡಿಸಿದ ಮೇಲೆ 200 ಗ್ರಾಂ ಬರುವಷ್ಟು. ಬೆಳಿಗ್ಗೆ ಹೊರಡುವ ಮುಂಚೆ ಕಾಳು ನೆನೆಹಾಕಿ, 8ರಿಂದ 10 ಗಂಟೆ ನೆನೆಯಲಿ. ತೇಲುವ ಕಾಳು, ತೂತು ಬಿದ್ದ ಕಾಳು ತೆಗೆದು ಬಿಸಾಡಿ. ಕುಕ್ಕರಿಗೆ ಕಾಳು ಹಾಕಿ 800 ಮಿಲಿ ನೀರಿಟ್ಟು ಐದಾರು ಕೂಗು ಕೂಗಿಸಿ. ಒತ್ತಡ ತಾನಾಗಿ ಇಳಿಯಲಿ. ಮುಚ್ಚಳ ತೆಗೆದು ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಮುಚ್ಚದೆ ಐದು ನಿಮಿಷ ಕುದಿಸಿ ಬಸಿಯಿರಿ. ಸೊಪ್ಪನ್ನು ಕಾಳಿನ ಜೊತೆಗೇ ಕೂಗಿಸಿದರೆ ಪಲ್ಯ ಮುದ್ದೆಯಾಗಿಬಿಡುತ್ತೆ, ಸಾರಿನ ಬಣ್ಣವೂ ಕೆಡುತ್ತೆ.

ಬಸ್ಸಾರಿಗೆ ರುಬ್ಬಬೇಕು: ಬಾಣಲೆಯಲ್ಲಿ ಸುಟ್ಟ ಈರುಳ್ಳಿ ಅರ್ಧ, ಬೆಳ್ಳುಳ್ಳಿ ನಾಲ್ಕು ಎಸಳು, ಸಾರಿನ ಪುಡಿ ಒಂದೂವರೆ ಚಮಚ, ಗೋಲಿ ಗಾತ್ರದ ಹುಣಸೆ, ಬೆಂದ ಕಾಳು-ಸೊಪ್ಪು ಎರಡು ಚಮಚ. ಬೆಂದ ಕಾಳು ರುಬ್ಬಿ ಹಾಕಿದರೆ ತೆಂಗಿನಕಾಯಿ ಇಲ್ಲದೆಯೂ ಸಾರು ಮಂದ ಬರುತ್ತೆ. ಮಿಕ್ಸಿ ಇಲ್ಲದಿದ್ದರೆ ಸಣ್ಣ ಕುಟ್ಟಾಣಿಯಲ್ಲಿ ಜಜ್ಜಿ ಹಾಕಬಹುದು, ತರಿತರಿಯಾಗಿರುತ್ತೆ, ತಪ್ಪೇನಿಲ್ಲ.

ಅದೂ ಬೇಡ ಅಂದರೆ ಉಪ್ಸಾರು. ಬಸಿದ ಕಟ್ಟು ಹಾಗೇ ಇರಲಿ. ಹಸಿಮೆಣಸಿನಕಾಯಿ ಮೂರು ಸುಟ್ಟು, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಚೂರು ಹುಣಸೆ ಸೇರಿಸಿ ಜಜ್ಜಿದರೆ ಖಾರ ಸಿದ್ಧ. ತಟ್ಟೆಯಲ್ಲಿ ಕಟ್ಟು ಬಿಟ್ಟುಕೊಂಡು ಖಾರ ಬೇಕಾದಷ್ಟು ಕಲಸಿಕೊಳ್ಳುವುದು. ಎಣ್ಣೆ ಒಂದು ಹನಿ ಬೇಡ.

ಒಂದೊಲೆ_ರೂಮು
ಅಕ್ಕ, ಹುರುಳಿ ಎಂಟು ಕೂಗಿಗೂ ಬೇಯುವುದಿಲ್ಲ. ಕಲ್ಲಿನ ಹಾಗೆ ಇರುತ್ತೆ. ನೆನೆಸಿದ್ದೂ ಆಯಿತು.

ಮುದ್ದೆಕೋಲು
ನೀರು ಯಾವುದು, ಬೋರ್‌ವೆಲ್ಲಾ ಕಾವೇರಿಯಾ? ಬೋರ್ ನೀರಿನ ಗಡಸು ಕಾಳನ್ನು ಬೇಯಲು ಬಿಡುವುದಿಲ್ಲ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಸಿಪ್ಪೆಗೆ ಅಂಟಿ ಅದು ಮೆತ್ತಗಾಗದಂತೆ ಹಿಡಿಯುತ್ತೆ. ಕುಡಿಯುವ ಕ್ಯಾನ್ ನೀರಿನಲ್ಲಿ ನೆನೆಸಿ ಬೇಯಿಸಿ ನೋಡಿ, ಒಂದೇ ಸಲಕ್ಕೆ ವ್ಯತ್ಯಾಸ ಗೊತ್ತಾಗುತ್ತೆ. ನೆನೆಹಾಕುವ ನೀರಿಗೇ ಅರ್ಧ ಚಮಚ ಉಪ್ಪು ಹಾಕಿದರೂ ಬೇಗ ಬೇಯುತ್ತೆ. ಹುಣಸೆ, ಟೊಮೆಟೊ ಮೊದಲೇ ಬಿದ್ದರೆ ಕಾಳು ಬೇಯುವುದಿಲ್ಲ, ಹುಳಿ ಯಾವತ್ತೂ ಕೊನೆಗೆ. ಸೋಡಾ ಚಿಟಿಕೆ ಹಾಕುವವರಿದ್ದಾರೆ. ಮೆತ್ತಗಾಗುವುದು ಹೌದು, ಬಿ1 ಜೀವಸತ್ವ ಹಾಳು. ಇಷ್ಟೆಲ್ಲ ಆಗಿಯೂ ಬೇಯದಿದ್ದರೆ ಕಾಳು ಹಳೆಯದು, ಅಂಗಡಿ ಬದಲಿಸಿ.

ಮೊಳಕೆ ಕಟ್ಟಿದರೆ ಗ್ಯಾಸೂ ಉಳಿಯುತ್ತೆ. ನೆನೆಸಿ ಬಸಿದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಒಂದು ಹಗಲು-ರಾತ್ರಿ ಇಡಿ. ಬೇಸಿಗೆಯಲ್ಲಿ ಬೇಗ ಬರುತ್ತೆ, ಡಿಸೆಂಬರ್ ಚಳಿಗೆ ಒಂದೂವರೆ ದಿನ ಬೇಕು. ಗಂಟು ಬಿಗಿಯಾದರೆ, ನೀರು ಪೂರ್ತಿ ಬಸಿಯದಿದ್ದರೆ ಲೋಳೆ ಬಂದು ವಾಸನೆ ಹೊಡೆಯುತ್ತೆ. ಮೊಳಕೆ ಬಂದದ್ದಕ್ಕೆ ಮೂರೇ ಕೂಗು.

ಪಥ್ಯಾಪಥ್ಯ
ಮೊಳಕೆಯಿಂದ ಫೈಟೇಟೂ ಇಳಿಯುತ್ತೆ, ಕಬ್ಬಿಣ ಚೆನ್ನಾಗಿ ಹತ್ತುತ್ತೆ. ಪಲ್ಯಕ್ಕೆ ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಊಟದ ಬೆನ್ನಿಗೇ ಟೀ ಕುಡಿದರೆ ಸೊಪ್ಪು ತಿಂದದ್ದು ಅರ್ಧ ದಂಡ, ಒಂದು ಗಂಟೆ ಬಿಡಿ. ಹಣ್ಣಿಗೆ ದುಡ್ಡಿಲ್ಲ ಅಂತ ಪೂರ್ತಿ ಕೈಬಿಡಬೇಡಿ. ಸಿ ಜೀವಸತ್ವದಲ್ಲಿ ಕಿತ್ತಳೆಗಿಂತ ಸೀಬೆ ಎಷ್ಟೋ ಮೇಲೆ, ದರ ಸಾಮಾನ್ಯವಾಗಿ ಕಡಿಮೆ.

ಸೊಂಟಮುರುಕ
ಮುದ್ದೆ ಒಂದು ಸಲವೂ ಸರಿ ಬಂದಿಲ್ಲ ಅನ್ನುವವರಿಗೂ ಯಾರಾದರೂ ಹೇಳಿ. ಗಂಟು, ಇಲ್ಲವೇ ಹಸಿ ಹಿಟ್ಟು.

ಮುದ್ದೆಕೋಲು
ಲೋಟದ ಲೆಕ್ಕ ಹಿಡಿಯಿರಿ: ಒಂದು ಲೋಟ ಹಿಟ್ಟು, ಎರಡು ಲೋಟ ನೀರು. ಆ ಎರಡು ಲೋಟದಲ್ಲೇ ಸ್ವಲ್ಪ ತಣ್ಣೀರು ತೆಗೆದು ಒಂದು ಚಮಚ ಹಿಟ್ಟು ಕದಡಿ, ಎಸರು ಬಿಸಿಯಾಗುವಾಗ ಬಿಡಿ. ಎಸರು ಅಂಬಲಿಯ ಹಾಗೆ ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಸುರಿಯಿರಿ. ಆಗಲೇ ತಿರುವಬೇಡಿ, ಗಂಟಿಗೆ ಕಾರಣವೇ ಆ ಆತುರ. ಕೋಲಿನಿಂದ ಗುಡ್ಡೆಯ ನಡುವೆ ತೂತು ಮಾಡಿ, ಉರಿ ಸಣ್ಣ ಮಾಡಿ ಐದಾರು ನಿಮಿಷ ಮುಚ್ಚಿಡಿ. ಆವಿ ಹಿಟ್ಟಿನ ಮೇಲೆ ಬಂದ ಮೇಲೆ ಪಾತ್ರೆ ಕೆಳಗಿಳಿಸಿ ಕಾಲಲ್ಲಿ ಅದುಮಿ ಹಿಡಿದು ಕೋಲಿನಿಂದ ತಿರುವಿ, ಮತ್ತೆ ಎರಡು ನಿಮಿಷ ಸಣ್ಣ ಉರಿಯಲ್ಲಿಟ್ಟು ಕಟ್ಟಿ. ಒದ್ದೆ ಕೈಗೆ ಅಂಟದಿದ್ದರೆ ಬೆಂದಿದೆ. ಗಟ್ಟಿಯಾದರೆ ಬಿಸಿನೀರು ಚಿಮುಕಿಸಿ, ತಣ್ಣೀರಲ್ಲ.

ಡಬ್ಬಿಗೆ ಮುದ್ದೆ ಬೇಡ, ಮಧ್ಯಾಹ್ನಕ್ಕೆ ಕಲ್ಲಾಗುತ್ತೆ. ಬೆಳಿಗ್ಗೆಗೆ ರಾಗಿ ರೊಟ್ಟಿ ಮಾಡಿ. ಈರುಳ್ಳಿ, ಸಬ್ಬಸಿಗೆ ಸೊಪ್ಪು ಹೆಚ್ಚಿ ಹಾಕಿ ಬಿಸಿನೀರಿನಲ್ಲಿ ಕಲಸಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತೆ.

ಯಾರ್ಡ್_ತಕ್ಕಡಿ
ಕೊಳ್ಳುವ ವಿಷಯ. ಪೀಣ್ಯಕ್ಕೆ ಯಶವಂತಪುರ ಎಪಿಎಂಸಿ ಯಾರ್ಡ್ ಹತ್ತಿರವೇ. ಆದರೆ ಒಬ್ಬರೇ ಹೋಗಿ 6 ಕಿಲೊ ಅಕ್ಕಿಗೆ ಚೌಕಾಸಿ ಮಾಡಿದರೆ ಬಸ್ ಚಾರ್ಜೂ ಹುಟ್ಟುವುದಿಲ್ಲ. ಮೂರು-ನಾಲ್ಕು ಜನ ಸೇರಿ ಒಂದು ಮೂಟೆ ತಂದು ಹಂಚಿಕೊಳ್ಳಬೇಕು. ಮೂಟೆ 26 ಕಿಲೊದ್ದು ಯಾಕಿರುತ್ತೆ ಅಂತ ಕೇಳುವವರಿಗೆ: 2022ರ ಜುಲೈ 18ರಿಂದ 25 ಕಿಲೊವರೆಗಿನ, ಲೇಬಲ್ ಇರುವ ಪ್ಯಾಕ್ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಆ ಮಿತಿ ದಾಟಿಸಲು ಒಂದು ಕಿಲೊ ಹೆಚ್ಚು ತುಂಬಿದರು, ಅಷ್ಟೆ. ಒಬ್ಬರೇ 26 ಕಿಲೊ ಇಟ್ಟುಕೊಂಡರೆ ನಾಲ್ಕು ತಿಂಗಳಿಗೂ ಮುಗಿಯುವುದಿಲ್ಲ, ಅಷ್ಟರಲ್ಲಿ ನುಸಿ ಹಿಡಿಯುತ್ತೆ. ಸೋನಾ ಮಸೂರಿ ಹಳೆಯದು ಕೇಳಿ. ಕಿಲೊಗೆ ನಾಲ್ಕೈದು ರೂಪಾಯಿ ಹೆಚ್ಚಾದರೂ ಅನ್ನ ಉದುರಾಗಿ, ಹೆಚ್ಚು ಅರಳಿ ಬರುತ್ತೆ.

ಎಣ್ಣೆ ಪ್ಯಾಕೆಟ್ಟಿನಲ್ಲಿ ಮೋಸ ಹೋಗುವುದು ಸುಲಭ. ಪೂರ್ತಿ ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಪಕ್ಕದಲ್ಲೇ ಅದೇ ಗಾತ್ರದ, ಹತ್ತು ರೂಪಾಯಿ ಕಡಿಮೆಯ ಪ್ಯಾಕೆಟ್ ಇದ್ದರೆ ತಿರುಗಿಸಿ ನೋಡಿ. 850 ಅಥವಾ 800 ಗ್ರಾಂ ಅಂತ ಸಣ್ಣ ಅಕ್ಷರದಲ್ಲಿರುತ್ತೆ. ಬೆಲೆಯನ್ನು ಗ್ರಾಂನಿಂದ ಭಾಗಿಸಿ, ಮಿಲಿ ನೋಡಬೇಡಿ.

ತರಕಾರಿಗೆ ಹಾಪ್‌ಕಾಮ್ಸ್ (ಬೆಳೆಗಾರರ ಸಹಕಾರಿ ಅಂಗಡಿ) ಬೋರ್ಡಿನ ದರ ನೋಡಿಕೊಂಡು ತಳ್ಳುಗಾಡಿ ಹತ್ತಿರ ಮಾತಾಡಿ. ಸೊಪ್ಪು ಸಂಜೆ ಏಳರ ಮೇಲೆ ಇಳಿಯುತ್ತೆ. ಆದರೆ ಬಾಡಿದ ಕಂತೆಯಲ್ಲಿ ಅರ್ಧ ಕಸಕ್ಕೆ ಹೋದರೆ ಅಗ್ಗ ಎಲ್ಲಿ ಬಂತು? ದಂಟು, ನುಗ್ಗೆ ಸೊಪ್ಪು ಬಾಡಿದರೂ ನಡೆಯುತ್ತೆ, ಪಾಲಕ್, ಮೆಂತ್ಯ ನಡೆಯಲ್ಲ.

ಗರಗರ_ಮಂಡ್ಯ
ಅವರೆಕಾಯಿ ಕಾಲ ಬಂದರೆ?

ಯಾರ್ಡ್_ತಕ್ಕಡಿ
ಡಿಸೆಂಬರ್-ಜನವರಿಯಲ್ಲಿ ಸುಗ್ಗಿ, ಬಾಯಿ ಕಟ್ಟಬೇಡಿ. ಆದರೆ ಕಾಯಿಯ ದರವನ್ನು ಹುರುಳಿಯ ದರದ ಪಕ್ಕ ಇಡಬೇಡಿ. ಸಿಪ್ಪೆ ತೂಕ ಹೋಗಬೇಕು, ಹಸಿ ಕಾಳಿನಲ್ಲಿ ನೀರಿನ ತೂಕವೂ ಇದೆ. ಅದು ನಾಲಿಗೆಗೆ, ಪ್ರೋಟೀನ್ ಲೆಕ್ಕಕ್ಕಲ್ಲ.

ಲೆಕ್ಕದಪುಸ್ತಕ
2500 ಕ್ಯಾಲರಿ ಬೇಕು, ₹2000 ದಾಟಬಾರದು ಅನ್ನುವ ಗಂಟು ಇನ್ನೂ ಬಿಚ್ಚಿಲ್ಲ. ಎರಡು ದಾರಿ ಇವೆ.

ಊರಿನ ಮನೆಯ ಬಿಪಿಎಲ್ ಕಾರ್ಡಿನಲ್ಲಿ ಹೆಸರಿದೆಯಾ? ಇದ್ದರೆ ಅದೇ ಕಾರ್ಡಿನ ಮೇಲೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಧಾನ್ಯ ತೆಗೆದುಕೊಳ್ಳಬಹುದು. ಆಹಾರ ಭದ್ರತಾ ಕಾಯ್ದೆಯಡಿ ಒಬ್ಬರ ಪಾಲು ತಿಂಗಳಿಗೆ 5 ಕಿಲೊ, ಉಚಿತ. ನಿಮ್ಮ ಪಾಲನ್ನಷ್ಟೇ ಇಲ್ಲಿ ತೆಗೆದು ಉಳಿದದ್ದನ್ನು ಮನೆಯವರು ಊರಿನಲ್ಲಿ ತೆಗೆಯಬಹುದು. ಆದರೆ ಮೊದಲೇ ಮನೆಗೆ ಫೋನ್ ಮಾಡಿ. ಅವರು ಪೂರ್ತಿ ಎತ್ತಿದ್ದರೆ ಇಲ್ಲಿ ಮೆಷಿನ್ನು ಸೊನ್ನೆ ತೋರಿಸುತ್ತೆ. ಇ-ಕೆವೈಸಿ ಆಗಿರಬೇಕು. 5 ಕಿಲೊ ಅಂದರೆ ₹275 ಉಳಿತಾಯ, ಕಾಳುಕಟ್ಟು ಹೆಚ್ಚಿಸಿದ ₹270 ಅಲ್ಲಿಗೆ ತೀರಿತು.

ಕಾರ್ಡ್ ಇಲ್ಲದಿದ್ದರೆ ಇಂದಿರಾ ಕ್ಯಾಂಟೀನ್. 2017ರ ಆಗಸ್ಟ್‌ನಲ್ಲಿ ಶುರುವಾದಾಗ ಇಟ್ಟ ದರ ತಿಂಡಿಗೆ ₹5, ಊಟಕ್ಕೆ ₹10. ತಿಂಗಳಲ್ಲಿ 12 ಮಧ್ಯಾಹ್ನ ಅಲ್ಲಿ ಉಂಡರೆ ₹120. ಮನೆಯಲ್ಲಿ ಅಷ್ಟು ಹೊತ್ತಿನ ಅಕ್ಕಿ, ಬೇಳೆ, ತರಕಾರಿ, ಗ್ಯಾಸ್ ಕೂಡಿದರೆ ಅದಕ್ಕಿಂತ ಹೆಚ್ಚೇ ಆಗುತ್ತೆ. ತಡವಾಗಿ ಹೋದರೆ ಮುಗಿದಿರುತ್ತೆ. ಸಾಂಬಾರಿನಲ್ಲಿ ಕಾಳು ಅಷ್ಟಕ್ಕಷ್ಟೆ, ಹೋಗುವಾಗ ಜೇಬಿನಲ್ಲಿ ಹುರಿದ ಕಡಲೆಕಾಯಿ ಬೀಜ 30 ಗ್ರಾಂ ಇರಲಿ. ಏಳು ಗ್ರಾಂ ಪ್ರೋಟೀನ್ ಅಲ್ಲೇ ಬಂತು. ತಿಂಗಳ ಕೊನೆಯ ಚಿತ್ರಾನ್ನಕ್ಕೂ ಇದೇ ಮದ್ದು.

ಒಂದೊಲೆ_ರೂಮು
ಊರಿನ ಕಾರ್ಡಿನಲ್ಲಿ ಹೆಸರಿದೆ, ವಿಚಾರಿಸುತ್ತೇನೆ. ಫ್ರಿಜ್ ಇಲ್ಲದ ವಿಷಯ ಯಾರೂ ಹೇಳಲಿಲ್ಲ. ರಾತ್ರಿಯ ಸಾರು ಬೆಳಿಗ್ಗೆಗೆ ಹುಳಿಯಾಗುತ್ತೆ.

ಮುದ್ದೆಕೋಲು
ತೆಂಗಿನಕಾಯಿ ಹಾಕಿದ್ದು ಮೊದಲು ಕೆಡುತ್ತೆ. ಆದ್ದರಿಂದ ಕಾಯಿ ಬೇಕಾದರೆ ಆ ಹೊತ್ತಿನ ಪಾಲಿಗೆ ಮಾತ್ರ. ಸಾರನ್ನು ಮಲಗುವ ಮುಂಚೆ ಮಳ್ಳುವಂತೆ ಕುದಿಸಿ, ಮುಚ್ಚಿಟ್ಟು, ಆಮೇಲೆ ಸೌಟು ಹಾಕಬೇಡಿ. ಬೆಳಿಗ್ಗೆ ಎದ್ದ ತಕ್ಷಣ ಮತ್ತೆ ಕುದಿಸಿ. ಮಾರ್ಚ್‌ನಿಂದ ಮೇವರೆಗೆ ಇದನ್ನೂ ನಂಬಬೇಡಿ, ಒಂದೇ ಹೊತ್ತಿಗೆ ಆಗುವಷ್ಟು ಮಾಡಿ. ಪಲ್ಯವನ್ನು ರಾತ್ರಿ ಒಗ್ಗರಿಸಬೇಡಿ. ಬಸಿದ ಕಾಳನ್ನು ಅರ್ಧ ಲೋಟ ಕಟ್ಟಿನಲ್ಲಿ ಬಿಟ್ಟು ಸಾರಿನ ಜೊತೆಗೇ ಕುದಿಸಿಟ್ಟು, ಬೆಳಿಗ್ಗೆ ನೀರು ಇಂಗುವವರೆಗೆ ಬಾಣಲೆಯಲ್ಲಿ ಹುರಿಯಿರಿ.

ಪಥ್ಯಾಪಥ್ಯ
ಅನ್ನದ ಬಗ್ಗೆ ಎಚ್ಚರ. ಹೊರಗೆ ಗಂಟೆಗಟ್ಟಲೆ ಬಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ವಿಷ ಬಿಡುತ್ತೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿಯ ಅನ್ನ ಡಬ್ಬಿಗೆ ಬೇಡ. ಅಕ್ಕಿ ರಾತ್ರಿ ತೊಳೆದು ನೆನೆಸಿಡಿ, ಬೆಳಿಗ್ಗೆ ಹತ್ತು ನಿಮಿಷದ ಕೆಲಸ.

ಯಾರ್ಡ್_ತಕ್ಕಡಿ
ಫ್ರಿಜ್ ಇಲ್ಲದ ಮನೆಗೆ ಸಿಹಿಕುಂಬಳ, ಆಲೂಗಡ್ಡೆ, ಬೀಟ್‌ರೂಟ್, ನವಿಲುಕೋಸು, ಎಲೆಕೋಸು ವಾರಕ್ಕೊಮ್ಮೆ. ಸೊಪ್ಪು ತಂದ ದಿನವೇ ಖಾಲಿ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿಡಬೇಡಿ, ಆಲೂ ಬೇಗ ಮೊಳೆಯುತ್ತೆ. ಕಾಳಿನ ಡಬ್ಬಿಗೆ ನಾಲ್ಕು ಒಣಮೆಣಸಿನಕಾಯಿ ಹಾಕಿ, ತಿಂಗಳಿಗೊಮ್ಮೆ ಬಿಸಿಲು ತೋರಿಸಿ.

ಒಂದೊಲೆ_ರೂಮು
ಕೊನೆಯ ಪ್ರಶ್ನೆ. 3 ಲೀಟರ್ ಕುಕ್ಕರಿನಲ್ಲಿ ಅನ್ನ, ಕಾಳು ಒಟ್ಟಿಗೆ ಆಗುತ್ತಾ? ಅನ್ನಕ್ಕೆ ಮೂರು ಕೂಗು, ಕಾಳಿಗೆ ಆರು.

ಮುದ್ದೆಕೋಲು
ಹುರುಳಿ, ಕಡಲೆ ಜೊತೆ ಆಗಲ್ಲ, ಅನ್ನ ಗಂಜಿಯಾಗುತ್ತೆ. ತೊಗರಿಬೇಳೆ ಜೊತೆ ಆಗುತ್ತೆ. ಬೇಳೆ 50 ಗ್ರಾಂ, ಪಾಲಕ್, ಹಸಿಮೆಣಸು, ಬೆಳ್ಳುಳ್ಳಿ ತಳದಲ್ಲಿ, ಮೂರು ಲೋಟ ನೀರು. ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು ಅಗಲ ಬಟ್ಟಲಿನಲ್ಲಿ ಅಕ್ಕಿ ಒಂದು ಲೋಟ, ನೀರು ಎರಡು. ಮೊದಲ ಕೂಗು ದೊಡ್ಡ ಉರಿಯಲ್ಲಿ, ಆಮೇಲೆ ಸಣ್ಣ ಉರಿಯಲ್ಲಿ ಎಂಟು ನಿಮಿಷ. ಒತ್ತಡ ಇಳಿದ ಮೇಲೆ ಬಟ್ಟಲು ಎತ್ತಿ, ತಳದ್ದಕ್ಕೆ ಟೊಮೆಟೊ ಅಥವಾ ಹುಣಸೆ ಹಾಕಿ ಐದು ನಿಮಿಷ ಕುದಿಸಿ, ಮರದ ಸೌಟಿನಿಂದ ಮಸೆದು ಒಗ್ಗರಣೆ ಕೊಟ್ಟರೆ ಮಸೊಪ್ಪು. ಬಟ್ಟಲು ಕುಕ್ಕರಿನ ಗೋಡೆಗೆ ಒತ್ತಿಕೊಂಡಿರಬಾರದು, ಸುತ್ತ ಒಂದು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಆವಿ ಮೇಲೆ ಬರದೆ ಅಕ್ಕಿ ಹಸಿಯಾಗಿಯೇ ಉಳಿಯುತ್ತೆ.

ಒಂದೊಲೆ_ರೂಮು
ಸ್ಟ್ಯಾಂಡ್ ಇಲ್ಲ ಅಕ್ಕ.

ಮುದ್ದೆಕೋಲು
ಸಣ್ಣ ಸ್ಟೀಲ್ ಲೋಟ ಬೋರಲು ಹಾಕಿ, ಅದರ ಮೇಲೆ ಬಟ್ಟಲು ಇಡಿ. ಲೋಟ ಗಿಡ್ಡ ಇರಲಿ, ಉದ್ದದ್ದಾದರೆ ಬಟ್ಟಲು ಮುಚ್ಚಳದ ಕವಾಟಕ್ಕೆ ತಾಗುತ್ತೆ.